ಹೊಸ ಎಲೆಕ್ಟ್ರಿಕ್ ಕಾರು: ಪರೀಕ್ಷಿಸುವುದು ಹೇಗೆ, ಬೇಡ ಎನ್ನುವುದು ಯಾವಾಗ

ಮಂಗಳೂರಿನ ಧಕ್ಕೆಯಲ್ಲಿ ಬಂಗುಡೆ ಕೊಳ್ಳಲು ಹೋದವರು ಮೀನಿನ ಕಿವಿರು ಎತ್ತಿ ಅದು ಕೆಂಪಗಿದೆಯೇ ಎಂದು ನೋಡದೆ ದುಡ್ಡು ತೆಗೆಯುವುದಿಲ್ಲ. ಅದೇ ಮನೆಯವರು ಹದಿನೈದು ಇಪ್ಪತ್ತು ಲಕ್ಷ ರೂಪಾಯಿಯ ಕಾರನ್ನು ತರಲು ಹೋದಾಗ ಮಾತ್ರ ಶೋರೂಮಿನಲ್ಲಿ ಹೊದಿಸಿಟ್ಟ ಬಟ್ಟೆಯನ್ನು ಸರಿಸಿ, ಕೇಕ್ ಕತ್ತರಿಸಿ, ಫೋಟೊ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ನವರಾತ್ರಿ, ದೀಪಾವಳಿ, ಬಿಸು ಹಬ್ಬದ ದಿನಗಳಲ್ಲಿ ಈ ಅವಸರ ಇನ್ನೂ ಹೆಚ್ಚು. ರಾಹುಕಾಲ ಬರುವುದರೊಳಗೆ ಕಾರು ಹೊರಬೀಳಬೇಕು, ಕಟೀಲಿನಲ್ಲೋ ಕುದ್ರೋಳಿಯಲ್ಲೋ ವಾಹನ ಪೂಜೆ ಮುಗಿಯಬೇಕು.

ಪೆಟ್ರೋಲ್ ಕಾರಿನ ವಿಷಯದಲ್ಲಿ ಮನೆಯಲ್ಲಿ ಯಾರಿಗಾದರೂ ಒಂದಿಷ್ಟು ಅನುಭವ ಇರುತ್ತದೆ. ಎಂಜಿನ್ ಸದ್ದು ಕೇಳಿ, ಹೊಗೆ ನೋಡಿ ಏನಾದರೂ ಹೇಳಬಲ್ಲ ಮಾವನೋ ಪರಿಚಯದ ಮೆಕ್ಯಾನಿಕ್ಕೋ ಸಿಗುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಅದರ ಬೆಲೆಯ ದೊಡ್ಡ ಪಾಲು ಯಾರಿಗೂ ಕಾಣದಂತೆ ನೆಲದಡಿಯ ಪೆಟ್ಟಿಗೆಯೊಂದರಲ್ಲಿ ಇರುತ್ತದೆ. ಹಾಗಾದರೆ ಏನನ್ನು ನೋಡಬೇಕು, ಯಾವಾಗ ನೋಡಬೇಕು, ಯಾವ ದೋಷ ಕಂಡರೆ ಕಾರು ಬೇಡವೆನ್ನಬೇಕು ಎಂಬುದನ್ನು ಇಲ್ಲಿ ಮೊದಲಿನಿಂದ ವಿವರಿಸಲಾಗಿದೆ.

ಒಪ್ಪಿಗೆ ಯಾವ ಗಳಿಗೆಯಲ್ಲಿ ಆಗುತ್ತದೆ?

ಕೀಲಿಕೈ ಪಡೆದಾಗ ಕಾರನ್ನು ಒಪ್ಪಿಕೊಂಡಂತೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಸರಣಿಯ ಕೊನೆಯ ಹೆಜ್ಜೆ ಮಾತ್ರ. ಮೊದಲು ಬುಕಿಂಗ್ ಆಗುತ್ತದೆ. ಬಳಿಕ ಅಲಾಟ್‌ಮೆಂಟ್, ಅಂದರೆ ಇಂಥದ್ದೇ ಚಾಸಿ ಸಂಖ್ಯೆಯ ಕಾರನ್ನು ನಿಮ್ಮ ಹೆಸರಿಗೆ ತೆಗೆದಿಡುವುದು. ಆಮೇಲೆ ಹಣ ಪಾವತಿ, ಇನ್‌ವಾಯ್ಸ್, ವಿಮೆ, ಆರ್‌ಟಿಒ ನೋಂದಣಿ, ನಂಬರ್ ಪ್ಲೇಟ್. ಇವೆಲ್ಲ ಮುಗಿದ ಮೇಲೆ ಡೆಲಿವರಿ.

ಇಲ್ಲಿ ಎರಡು ಕಾನೂನುಗಳು ಎದುರಾಗುತ್ತವೆ, ಎರಡರಲ್ಲೂ ಕಲಂ ಸಂಖ್ಯೆ 41 ಆಗಿರುವುದು ಕಾಕತಾಳೀಯ. 1930ರ ಸರಕು ಮಾರಾಟ ಕಾಯ್ದೆಯ 41ನೆಯ ಕಲಮಿನ ಪ್ರಕಾರ, ಮೊದಲೇ ನೋಡಿರದ ವಸ್ತುವನ್ನು ಪರೀಕ್ಷಿಸಲು ಸಾಕಷ್ಟು ಅವಕಾಶ ಸಿಗುವವರೆಗೆ ಖರೀದಿದಾರನು ಅದನ್ನು ಒಪ್ಪಿಕೊಂಡನೆಂದು ಭಾವಿಸುವಂತಿಲ್ಲ, ಮತ್ತು ಖರೀದಿದಾರನು ಕೇಳಿದರೆ ಮಾರಾಟಗಾರನು ಆ ಅವಕಾಶವನ್ನು ಕೊಡಲೇಬೇಕು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 41ನೆಯ ಕಲಂ, 2019ರ ತಿದ್ದುಪಡಿಯ ಬಳಿಕ, ಅದೇ ರಾಜ್ಯದಲ್ಲಿ ನೋಂದಣಿಯಾಗುವ ಹೊಸ ವಾಹನದ ಅರ್ಜಿಯನ್ನು ಡೀಲರನೇ ಸಲ್ಲಿಸಬೇಕೆಂದೂ ನೋಂದಣಿ ಸಂಖ್ಯೆ ವಾಹನದ ಮೇಲೆ ಕಾಣುವವರೆಗೆ ಅದನ್ನು ಮಾಲೀಕನಿಗೆ ಒಪ್ಪಿಸಬಾರದೆಂದೂ ಹೇಳುತ್ತದೆ.

ಎರಡನ್ನೂ ಜೋಡಿಸಿ ನೋಡಿದರೆ ಗ್ರಾಹಕನ ಇಕ್ಕಟ್ಟು ಅರ್ಥವಾಗುತ್ತದೆ. ಡೆಲಿವರಿಯ ದಿನ ಕಾರನ್ನು ಮೊದಲ ಸಲ ನೋಡುವ ಹೊತ್ತಿಗೆ ಅದು ಆಗಲೇ ನಿಮ್ಮ ಹೆಸರಿನಲ್ಲಿ, ಮಂಗಳೂರಿನವರಾದರೆ ಕೆಎ 19, ಉಡುಪಿಯವರಾದರೆ ಕೆಎ 20 ಸರಣಿಯಲ್ಲಿ ನೋಂದಣಿಯಾಗಿರುತ್ತದೆ. ಆಗ ದೋಷ ಕಂಡು ಬೇಡವೆಂದರೆ, ಡೀಲರನು ಆ ಕಾರನ್ನು ಇನ್ನೊಬ್ಬರಿಗೆ ಹೊಸತೆಂದು ಮಾರಲಾರ. ದಾಖಲೆಯಲ್ಲಿ ಮುಂದಿನವರು ಎರಡನೆಯ ಮಾಲೀಕರಾಗುತ್ತಾರೆ. ಆದ್ದರಿಂದ ನೋಂದಣಿಯ ಬಳಿಕ ಕಾರು ಬದಲಾಯಿಸಿ ಕೊಡುವ ಮಾತು ಬಹುತೇಕ ನಿಂತುಹೋಗಿ, ರಿಪೇರಿಯ ಮಾತು ಮಾತ್ರ ಉಳಿಯುತ್ತದೆ. ಪರೀಕ್ಷೆ ನಡೆಯಬೇಕಾದದ್ದು ಅಲಾಟ್‌ಮೆಂಟ್ ಆದ ಮೇಲೆ, ಇನ್‌ವಾಯ್ಸ್ ಆಗುವ ಮುನ್ನ, ಶೋರೂಮಿನ ಬೆಳಕಿನಲ್ಲಿ ಅಲ್ಲ, ಕಾರು ನಿಂತಿರುವ ಯಾರ್ಡಿನಲ್ಲಿ. ಬುಕಿಂಗ್ ಮಾಡುವಾಗಲೇ ಇದನ್ನು ಇ-ಮೇಲ್‌ನಲ್ಲಿ ಬರೆದು ತಿಳಿಸಿಟ್ಟರೆ ಮುಂದೆ ವಾದಕ್ಕೆ ಆಸ್ಪದವಿರುವುದಿಲ್ಲ. ಮುಹೂರ್ತವನ್ನು ಎರಡನೆಯ ಭೇಟಿಗೆ ಇಟ್ಟುಕೊಳ್ಳಬಹುದು. ಮೊದಲನೆಯದಕ್ಕೆ ಬೇಕಾದದ್ದು ಒಳ್ಳೆಯ ಹಗಲು ಬೆಳಕು.

ಕಂಪನಿಗಳ ಭಾಷೆಯಲ್ಲಿ ಈ ಪರೀಕ್ಷೆಗೆ ಪಿಡಿಐ, ಅಂದರೆ ಪ್ರಿ ಡೆಲಿವರಿ ಇನ್‌ಸ್ಪೆಕ್ಷನ್ ಎನ್ನುತ್ತಾರೆ. ಡೀಲರನು ತನ್ನ ಮಟ್ಟದಲ್ಲಿ ಒಂದು ಪಿಡಿಐ ಮಾಡಿರುತ್ತಾನೆ. ಅದರ ಹಾಳೆಯನ್ನು ಕೇಳಿ ಪಡೆಯಬಹುದು. ಗ್ರಾಹಕನದು ಅದಕ್ಕಿಂತ ಬೇರೆ. ಆದರೆ ಅದನ್ನು ಅರೆಮನಸ್ಸಿನಿಂದ ಮಾಡಬಾರದು, ಏಕೆಂದರೆ ಅದೇ 1930ರ ಕಾಯ್ದೆಯ 16ನೆಯ ಕಲಂ, ಖರೀದಿದಾರನು ವಸ್ತುವನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಗೋಚರಿಸಲೇಬೇಕಾಗಿದ್ದ ದೋಷಗಳಿಗೆ ಮಾರಾಟಗಾರನ ಗುಣಮಟ್ಟದ ಹೊಣೆ ಅನ್ವಯಿಸುವುದಿಲ್ಲ ಎನ್ನುತ್ತದೆ. ನೋಡಿದಂತೆ ಮಾಡಿ ಸಹಿ ಹಾಕುವುದು ನೋಡದೇ ಇರುವುದಕ್ಕಿಂತ ನಷ್ಟ ತರಬಹುದು.

ಚಾಸಿ ಸಂಖ್ಯೆ ಏನು ಹೇಳುತ್ತದೆ?

ಪ್ರತಿ ಕಾರಿಗೂ 17 ಅಕ್ಷರ ಮತ್ತು ಅಂಕಿಗಳ ಒಂದು ಗುರುತು ಇರುತ್ತದೆ. ಇದನ್ನು ಲೋಹದ ಮೇಲೆ ಕೆತ್ತಿರುತ್ತಾರೆ, ತಯಾರಕರ ಫಲಕದಲ್ಲೂ ಮುದ್ರಿಸಿರುತ್ತಾರೆ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲೆಂದು ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಅಲಾಟ್‌ಮೆಂಟ್ ಪತ್ರದಲ್ಲಿರುವ ಸಂಖ್ಯೆಯೂ ಕಾರಿನ ಮೇಲಿರುವ ಸಂಖ್ಯೆಯೂ ಒಂದೇ ಎಂಬುದನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿ ಫೋಟೊ ತೆಗೆದುಕೊಳ್ಳಬೇಕು. ಮೋಟಾರಿನ ಸಂಖ್ಯೆಗೂ ಇದೇ ಕ್ರಮ.

ತಯಾರಾದ ತಿಂಗಳು ಮತ್ತು ವರ್ಷವೂ ಇಲ್ಲಿಯೇ ಗೊತ್ತಾಗುತ್ತದೆ. ಡೀಲರನು ಕೊಡುವ ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21ರಲ್ಲೂ ಮುಂದೆ ಆರ್‌ಸಿಯಲ್ಲೂ ಅದೇ ದಾಖಲಾಗುವುದರಿಂದ, ಡಿಸೆಂಬರಿನಲ್ಲಿ ತಯಾರಾಗಿ ಜನವರಿಯಲ್ಲಿ ಮಾರಾಟವಾದ ಕಾರು ಮರುಮಾರಾಟದ ಹೊತ್ತಿಗೆ ಒಂದು ವರ್ಷ ಹಳೆಯದಾಗಿ ಕಾಣುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಇನ್ನೊಂದು ಕಾರಣವೂ ಇದೆ. ಲಿಥಿಯಂ ಬ್ಯಾಟರಿ ಓಡಿದರೂ ಸವೆಯುತ್ತದೆ, ನಿಂತರೂ ನಿಧಾನವಾಗಿ ಸವೆಯುತ್ತದೆ. ಪೂರ್ತಿ ತುಂಬಿದ ಅಥವಾ ಪೂರ್ತಿ ಖಾಲಿಯಾದ ಸ್ಥಿತಿಯಲ್ಲಿ ಬಿಸಿಲಿನ ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತರೆ ಆ ಸವೆತ ಹೆಚ್ಚುತ್ತದೆ. ಆರು ತಿಂಗಳಿಗಿಂತ ಹಳೆಯ ಕಾರಾದರೆ ಇಷ್ಟು ದಿನ ಎಲ್ಲಿತ್ತು, ನಡುವೆ ಎಷ್ಟು ಸಲ ಚಾರ್ಜ್ ಮಾಡಲಾಗಿದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಟಯರಿನ ಬದಿಯಲ್ಲಿರುವ ನಾಲ್ಕು ಅಂಕಿಗಳೂ ಇದೇ ಕಥೆಯನ್ನು ಹೇಳುತ್ತವೆ: 2225 ಎಂದಿದ್ದರೆ ಅದು 2025ರ 22ನೆಯ ವಾರದ ಟಯರು.

ಬ್ಯಾಟರಿ: ಕೊಡಪಾನ ಬೇರೆ, ನೀರು ಬೇರೆ

ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಶೇಕಡಾ ಅಂಕಿ ಚಾರ್ಜ್ ಎಷ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ. ಅದು ಕೊಡಪಾನದಲ್ಲಿ ಸದ್ಯ ಎಷ್ಟು ನೀರಿದೆ ಎಂಬ ಲೆಕ್ಕ. ಕೊಡಪಾನವೇ ಎಷ್ಟು ನೀರು ಹಿಡಿಸುತ್ತದೆ, ಜಜ್ಜಿ ಚಿಕ್ಕದಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಬ್ಯಾಟರಿಯ ಆರೋಗ್ಯ ಎನ್ನುತ್ತಾರೆ. ಸರ್ವಿಸ್ ಸೆಂಟರಿನ ಸ್ಕ್ಯಾನರ್ ಜೋಡಿಸಿದರೆ ಅನೇಕ ಮಾದರಿಗಳಲ್ಲಿ ಈ ಆರೋಗ್ಯದ ಅಂಕಿಯೂ, ದಾಖಲಾಗಿರುವ ದೋಷ ಸಂಕೇತಗಳೂ ಕಾಣುತ್ತವೆ. ಹೊಸ ಕಾರಿನಲ್ಲಿ ಆರೋಗ್ಯದ ಅಂಕಿ ನೂರರ ಹತ್ತಿರವೇ ಇರುವುದರಿಂದ ಅದಕ್ಕಿಂತ ದೋಷ ಸಂಕೇತಗಳ ಪಟ್ಟಿ ಹೆಚ್ಚು ಉಪಯುಕ್ತ. ಅದರ ಮುದ್ರಿತ ಪ್ರತಿ ಕೇಳಬಹುದು.

ಸ್ಕ್ಯಾನರ್ ಇಲ್ಲದೆಯೂ ಮನೆಯ ಕರೆಂಟು ಬಿಲ್ಲಿನ ಲೆಕ್ಕದಿಂದ ಒಂದು ಒರಟು ಪರೀಕ್ಷೆ ಸಾಧ್ಯ. ಬ್ಯಾಟರಿಯ ಗಾತ್ರವನ್ನು ಹೇಳುವ ಕಿಲೋವಾಟ್ ಗಂಟೆ ಎಂಬ ಅಳತೆ ಬೇರೇನೂ ಅಲ್ಲ, ಮೆಸ್ಕಾಂ ಬಿಲ್ಲಿನ ಯೂನಿಟ್ಟೇ. 40 ಕಿಲೋವಾಟ್ ಗಂಟೆಯ ಬ್ಯಾಟರಿ ಎಂದರೆ 40 ಯೂನಿಟ್ ಹಿಡಿಸುವ ಕೊಡಪಾನ. ಅದರಲ್ಲಿ ಶೇಕಡಾ 1 ಎಂದರೆ 0.4 ಯೂನಿಟ್. ಇಂಥ ಕಾರು ಸಾಮಾನ್ಯ ಓಡಾಟದಲ್ಲಿ 100 ಕಿಲೋಮೀಟರಿಗೆ ಸುಮಾರು 15 ಯೂನಿಟ್ ಬಳಸುತ್ತದೆಂದು ಇಟ್ಟುಕೊಂಡರೆ, 10 ಕಿಲೋಮೀಟರಿಗೆ ಒಂದೂವರೆ ಯೂನಿಟ್, ಅಂದರೆ ಸುಮಾರು ಶೇಕಡಾ 4 ಇಳಿಯಬೇಕು. ಎಸಿ ಜೋರಾಗಿದ್ದರೆ, ಕದ್ರಿ ಗುಡ್ಡದಂಥ ಏರು ಹತ್ತಿದರೆ 5 ಆಗಬಹುದು. ಅಷ್ಟೇ ದೂರಕ್ಕೆ 10 ಇಳಿದರೆ ಅಥವಾ ಅಂಕಿ ಒಮ್ಮೆಲೇ ಜಿಗಿದರೆ ಕೇಳಬೇಕಾದ ಮಾತು ಇದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಈಗಿನ ಅನೇಕ ಕಾರುಗಳಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ, ಬಗೆಯ ಬ್ಯಾಟರಿ. ಚಾರ್ಜ್ ಇಳಿಯುತ್ತ ಹೋದರೂ ಇದರ ವೋಲ್ಟೇಜ್ ಹೆಚ್ಚು ಬದಲಾಗದ ಕಾರಣ, ಒಳಗೆ ಎಷ್ಟು ಉಳಿದಿದೆ ಎಂದು ಅಂದಾಜಿಸಲು ಕಾರಿನ ಕಂಪ್ಯೂಟರಿಗೇ ಕಷ್ಟ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಈ ಅಂದಾಜು ತಪ್ಪಿರಬಹುದು. ಒಮ್ಮೆ ಪೂರ್ತಿ 100ರವರೆಗೆ ಚಾರ್ಜ್ ಮಾಡಿದರೆ ಸರಿಹೋಗುತ್ತದೆ. ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಪೂರ್ತಿ ಚಾರ್ಜ್ ಮಾಡಿಡಲು ಹೇಳಿ, ಆಮೇಲೆ ಓಡಿಸಿ ನೋಡುವುದು ಒಳ್ಳೆಯದು.

ಪೂರ್ತಿ ಚಾರ್ಜ್ ಆದಾಗ ತೋರಿಸುವ ಕಿಲೋಮೀಟರ್ ಜಾಹೀರಾತಿನಲ್ಲಿದ್ದುದಕ್ಕಿಂತ ಕಡಿಮೆ ಇದ್ದರೆ ಗಾಬರಿಯಾಗಬೇಕಿಲ್ಲ. ಜಾಹೀರಾತಿನ ಅಂಕಿ ಪ್ರಯೋಗಾಲಯದ ನಿಗದಿತ ಓಟದಿಂದ ಬಂದದ್ದು. ಹಲವು ಕಾರುಗಳು ತೋರಿಸುವ ಅಂಕಿ ಹಿಂದೆ ಓಡಿಸಿದವರ ರೀತಿಯನ್ನು ಆಧರಿಸಿದ್ದು. ಯಾರ್ಡಿನೊಳಗೆ ಮುಂದೆ ಹಿಂದೆ ಮಾಡುತ್ತಿದ್ದ ಕಾರು ಜಿಪುಣ ಅಂಕಿಯನ್ನೇ ತೋರಿಸುತ್ತದೆ.

ಇನ್ನು ಕಣ್ಣಿಗೆ ಕಾಣುವ ಭಾಗ, ಅಂದರೆ ಬ್ಯಾಟರಿ ಪೆಟ್ಟಿಗೆಯ ತಳ. ಗುಜರಾತಿನ ಸಾನಂದ್, ಹಾಲೋಲ್ ಅಥವಾ ಪುಣೆ ಬಳಿಯ ಚಾಕಣ್‌ನಂಥ ಕಡೆಗಳಿಂದ ಕಾರುಗಳು ಟ್ರೇಲರಿನಲ್ಲಿ ನೂರಾರು ಕಿಲೋಮೀಟರ್ ಬರುತ್ತವೆ. ಹತ್ತಿಸುವಾಗ ಇಳಿಸುವಾಗ ತಳ ಉಜ್ಜುವ ಸಂದರ್ಭ ಇರುತ್ತದೆ. ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ, ಟಾರ್ಚ್ ಹಿಡಿದು ತಳವನ್ನು ಅಂಚಿನಿಂದ ಅಂಚಿಗೆ ನೋಡಬೇಕು. ತಗ್ಗು, ಆಳವಾದ ಗೀರು, ಬಾಗಿದ ಅಂಚು, ತೂಗುತ್ತಿರುವ ಕಿತ್ತಳೆ ಬಣ್ಣದ ತಂತಿ, ಕೂಲಂಟ್ ಸೋರಿದ ಕಲೆ ಯಾವುದೂ ಇರಬಾರದು. ಕಿತ್ತಳೆ ಬಣ್ಣವು ಅಧಿಕ ವೋಲ್ಟೇಜಿನ ಗುರುತು. ಅವನ್ನು ನೋಡಬೇಕೇ ಹೊರತು ಮುಟ್ಟಬಾರದು. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಸಾಮಾನ್ಯವಾಗಿ ಇರುತ್ತದಾದರೂ, ಹೊರಗಿನ ಪೆಟ್ಟಿನಿಂದಾದ ಹಾನಿ ಅದರಲ್ಲಿ ಸೇರುವುದಿಲ್ಲ. ಯಾರ್ಡಿನಲ್ಲಿದ್ದ ಪೆಟ್ಟನ್ನು ಗಮನಿಸದೆ ಮನೆಗೆ ತಂದರೆ, ಅದು ನಿಮ್ಮಿಂದಲೇ ಆದದ್ದಲ್ಲ ಎಂದು ಸಾಧಿಸುವುದು ಬಹಳ ಕಷ್ಟ. ಇಡೀ ಪರೀಕ್ಷೆಯಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನೇ ಮಾಡಬೇಕು.

ಮರೆತುಹೋಗುವ ಚಿಕ್ಕ ಬ್ಯಾಟರಿ

ಎಲೆಕ್ಟ್ರಿಕ್ ಕಾರಿನಲ್ಲೂ ಹಳೆಯ ಕಾರುಗಳಂತೆ 12 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ. ಬಾಗಿಲಿನ ಲಾಕ್, ದೀಪ, ಕಂಪ್ಯೂಟರ್‌ಗಳು ಅದರಿಂದ ನಡೆಯುತ್ತವೆ, ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚನ್ನೂ ಅದೇ ಎಳೆಯುತ್ತದೆ. ಅದು ಸತ್ತರೆ, ಉಗ್ರಾಣ ತುಂಬ ಅಕ್ಕಿಯಿದ್ದೂ ಬೀಗದ ಕೈ ಕಳೆದುಹೋದಂತೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕದಲದು. ಸೀಸ-ಆಮ್ಲದ ಬ್ಯಾಟರಿಯಾದರೆ ಕಾರು ಆಫ್ ಇರುವಾಗ ಮಲ್ಟಿಮೀಟರಿನಲ್ಲಿ 12.6 ವೋಲ್ಟಿನ ಆಸುಪಾಸು ಬರಬೇಕು, 12.2ಕ್ಕಿಂತ ಕೆಳಗಿದ್ದರೆ ಅರ್ಧ ಖಾಲಿಯೆಂದು ಅರ್ಥ. ಯಾರ್ಡಿನಲ್ಲಿ ಒಮ್ಮೆ ಪೂರ್ತಿ ಸತ್ತು ಜಂಪ್ ಸ್ಟಾರ್ಟ್ ಮಾಡಿಸಿಕೊಂಡ ಚಿಕ್ಕ ಬ್ಯಾಟರಿಯ ಬದಲಿಗೆ ಹೊಸದನ್ನು ಹಾಕಿಸಿಕೊಳ್ಳುವುದು ಸರಿಯಾದ ಬೇಡಿಕೆ. ಇದಕ್ಕಾಗಿ ಕಾರನ್ನೇ ತಿರಸ್ಕರಿಸಬೇಕಿಲ್ಲ.

ಚಾರ್ಜ್ ಮಾಡಿ ನೋಡದೆ ಒಪ್ಪಬಾರದೇಕೆ?

ಕಾರಿನ ಚಾರ್ಜಿಂಗ್ ಬಾಯಿಯಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತವೆ. ಮೇಲಿನ ಭಾಗದಲ್ಲಿ ಮನೆಯ ಎಸಿ ಕರೆಂಟು ಹೋಗುತ್ತದೆ, ಅದನ್ನು ಕಾರಿನೊಳಗಿನ ಚಾರ್ಜರ್ ಡಿಸಿಗೆ ಬದಲಾಯಿಸುತ್ತದೆ. ಹೆದ್ದಾರಿಯ ವೇಗದ ಚಾರ್ಜರಿನಲ್ಲಿ ಕೆಳಗಿನ ಎರಡು ದಪ್ಪ ಪಿನ್ನುಗಳೂ ಸೇರಿ ನೇರವಾಗಿ ಡಿಸಿ ಕರೆಂಟು ಬ್ಯಾಟರಿಗೆ ಇಳಿಯುತ್ತದೆ. ಎರಡರ ದಾರಿ ಬೇರೆಯಾದ್ದರಿಂದ ಒಂದು ಸರಿಯಿದ್ದರೆ ಇನ್ನೊಂದೂ ಸರಿಯಿದೆ ಎನ್ನಲಾಗದು. ಶೋರೂಮಿನಲ್ಲೋ ಹತ್ತಿರದ ಚಾರ್ಜಿಂಗ್ ಕೇಂದ್ರದಲ್ಲೋ ಎರಡನ್ನೂ ಹತ್ತಿಪ್ಪತ್ತು ನಿಮಿಷವಾದರೂ ನೋಡಬೇಕು. 7.2 ಕಿಲೋವಾಟಿನ ಗೋಡೆ ಚಾರ್ಜರ್ ಅರ್ಧ ಗಂಟೆಯಲ್ಲಿ 3.6 ಯೂನಿಟ್ ಕೊಡುತ್ತದೆ. ಸುಮಾರು ಹತ್ತನೇ ಒಂದು ಭಾಗ ಬಿಸಿಯಾಗಿ ನಷ್ಟವಾದರೂ, 40 ಯೂನಿಟ್‌ನ ಬ್ಯಾಟರಿಯಲ್ಲಿ ಶೇಕಡಾ 8ರಷ್ಟು ಏರಿರಬೇಕು.

ಕಾರಿನ ಜೊತೆ ಕೊಡುವ, 15 ಆಂಪಿಯರ್ ಪ್ಲಗ್ಗಿಗೆ ಹಾಕುವ ಚಾರ್ಜರನ್ನು ಪೆಟ್ಟಿಗೆಯಿಂದ ತೆಗೆಸಿ ಅಲ್ಲಿಯೇ ಪರೀಕ್ಷಿಸಬೇಕೆನ್ನುವುದಕ್ಕೆ ಕರಾವಳಿಯದೇ ಆದ ಕಾರಣವಿದೆ. ಈ ಚಾರ್ಜರ್ ಅರ್ತಿಂಗ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಕೆಲಸ ಮಾಡಲು ನಿರಾಕರಿಸುತ್ತದೆ. ನಮ್ಮ ಕೆಂಪುಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ತಿಂಗ್ ಗುಂಡಿ ದುರ್ಬಲವಾಗುತ್ತದೆ. ಹಳೆಯ ಹೆಂಚಿನ ಮನೆಗಳಲ್ಲಂತೂ ಫ್ರಿಜ್, ಮಿಕ್ಸಿಗಳು ಇದನ್ನು ಸಹಿಸಿಕೊಂಡು ನಡೆಯುತ್ತಿರುವುದರಿಂದ ದೋಷ ಯಾರಿಗೂ ಗೊತ್ತಿರುವುದಿಲ್ಲ. ಕಾರು ಮನೆಗೆ ಬಂದ ರಾತ್ರಿ ಕೆಂಪು ದೀಪ ಕಂಡರೆ ತಪ್ಪು ಕಾರಿನದೋ, ಚಾರ್ಜರಿನದೋ, ಮನೆಯದೋ ಎಂಬ ಜಗಳ ಶುರುವಾಗುತ್ತದೆ. ಅದೇ ಚಾರ್ಜರ್ ಶೋರೂಮಿನಲ್ಲಿ ಅದೇ ಕಾರಿಗೆ ಚಾರ್ಜ್ ಮಾಡಿದ್ದನ್ನು ನೀವು ಕಣ್ಣಾರೆ ನೋಡಿದ್ದರೆ ಉತ್ತರ ಸುಲಭ: ಕರೆಯಬೇಕಾದದ್ದು ಎಲೆಕ್ಟ್ರಿಷಿಯನ್ನನ್ನು.

ಉಪ್ಪು, ಮಳೆ ಮತ್ತು ಕಾರಿನ ಮೈ

ಒದ್ದೆ ಕಾರಿನ ಮೇಲೆ ಗೀರುಗಳು ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಸಣ್ಣ ಸಮಸ್ಯೆಯಲ್ಲ. ಮಾಡಿನ ಕೆಳಗೆ ಒಣಗಿಸಿ ಒರೆಸಿದ ಮೇಲೆಯೇ ನೋಡಬೇಕು. ಬಣ್ಣದ ಛಾಯೆ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಬದಲಾಗಿದೆಯೇ, ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ತುಂತುರು ಇದೆಯೇ, ಬಾನೆಟ್ ಮತ್ತು ಬಾಗಿಲಿನ ಬೋಲ್ಟುಗಳಲ್ಲಿ ಸ್ಪ್ಯಾನರ್ ತಾಗಿದ ಗುರುತಿದೆಯೇ ಎಂಬುದು ಮುಖ್ಯ, ಏಕೆಂದರೆ ಇವು ಮರುಬಣ್ಣದ ಅಥವಾ ಭಾಗ ಬದಲಾಯಿಸಿದ ಸೂಚನೆಗಳು.

ಕೊಟ್ಟಾರ ಚೌಕಿ, ಪಂಪ್‌ವೆಲ್, ಉಡುಪಿಯ ಕಲ್ಸಂಕದಂಥ ಕಡೆ ಜೋರು ಮಳೆಗೆ ನೀರು ನಿಲ್ಲುವುದನ್ನು ಬಲ್ಲವರಿಗೆ ಯಾರ್ಡಿಗೆ ನೀರು ನುಗ್ಗಿತ್ತೇ ಎಂಬ ಅನುಮಾನ ಸಹಜ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ನೋಡುವುದು, ಸೀಟಿನ ಕೆಳಗಿನ ಹಳಿಯ ತುಕ್ಕು, ಕಾರ್ಪೆಟ್ಟಿನಡಿಯ ತೇವ, ಡಿಕ್ಕಿಯ ತಳದ ಮಣ್ಣು ನೋಡುವುದು ಸಾಕು. ಅನೇಕ ಬ್ಯಾಟರಿಗಳಿಗೆ ಐಪಿ67 ರಕ್ಷಣೆ, ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುವ ಸಾಮರ್ಥ್ಯ ಇರುತ್ತದೆ. ಅದು ಬ್ಯಾಟರಿ ಪೆಟ್ಟಿಗೆಗೆ ಅನ್ವಯಿಸುವ ಮಾತು, ಒಳಗಿನ ಉಳಿದ ವೈರಿಂಗಿಗೆ ಅಲ್ಲ.

ಬ್ರೇಕ್ ಡಿಸ್ಕಿನ ಮೇಲೆ ಕಂದು ತುಕ್ಕಿನ ಪೊರೆ ಕಂಡು ಹೌಹಾರಬೇಕಿಲ್ಲ. ಸಮುದ್ರದ ಗಾಳಿಯಲ್ಲಿ ಎರಡು ದಿನ ನಿಂತ ಯಾವ ಕಾರಿನಲ್ಲೂ ಅದು ಬರುತ್ತದೆ. ಎಲೆಕ್ಟ್ರಿಕ್ ಕಾರು ವೇಗ ತಗ್ಗಿಸುವಾಗ ಮೋಟಾರನ್ನೇ ಜನರೇಟರಿನಂತೆ ತಿರುಗಿಸಿ ಕರೆಂಟು ಮರಳಿ ಪಡೆಯುವುದರಿಂದ ಬ್ರೇಕಿನ ಬಳಕೆ ಕಡಿಮೆ, ಆ ಪೊರೆ ಉಜ್ಜಿ ಹೋಗಲು ಹೆಚ್ಚು ಹೊತ್ತು ಬೇಕು. ಬೋಲ್ಟುಗಳಲ್ಲಿ, ಬೆಸುಗೆಯ ಅಂಚುಗಳಲ್ಲಿ ತುಕ್ಕು ಪದರ ಏಳುತ್ತಿದ್ದರೆ ಮಾತ್ರ ಚಿಂತೆ.

ಓಡಿಸಿ ನೋಡುವಾಗ ಎಂಜಿನ್ ಸದ್ದಿಲ್ಲದ್ದು ಅನುಕೂಲವೇ. ಸಸ್ಪೆನ್ಷನ್ನಿನ ಟಕಟಕ, ಬಾಗಿಲಿನ ಕಿರುಗುಟ್ಟುವಿಕೆ ಸ್ಪಷ್ಟವಾಗಿ ಕೇಳುತ್ತವೆ. ಓಡೊಮೀಟರ್ ಮೂರಂಕಿ ಮುಟ್ಟಿದ್ದರೆ ಕಾರಣ ಕೇಳಬೇಕು. ಸ್ಟೆಪ್ನಿ ಇಲ್ಲದಿರುವುದು ದೋಷವಲ್ಲ. ಟಯರ್ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಅದಿಲ್ಲದೆ ಮಾರಲು 2020ರಿಂದ ನಿಯಮದಲ್ಲಿ ಅವಕಾಶವಿದೆ.

ಯಾವುದಕ್ಕೆ ಬೇಡ ಎನ್ನಬೇಕು, ಹೇಗೆ ಎನ್ನಬೇಕು?

ಮುಂದೆ ಸರಿಪಡಿಸಿದರೂ ಗುರುತು ಉಳಿಯುವ ದೋಷಕ್ಕೆ ಕಾರು ಬೇಡವೆನ್ನಬೇಕು, ಗುರುತಿಲ್ಲದೆ ಸರಿಹೋಗುವ ದೋಷಕ್ಕೆ ಸರಿಪಡಿಸಿ ತೋರಿಸಿ ಎನ್ನಬೇಕು. ಬ್ಯಾಟರಿ ಪೆಟ್ಟಿಗೆಯ ಪೆಟ್ಟು, ನೀರು ನುಗ್ಗಿದ ಲಕ್ಷಣ, ಮರುಬಣ್ಣ, ಅಳಿಸಿದರೂ ಮರಳುವ ಬ್ಯಾಟರಿ ಅಥವಾ ಮೋಟಾರಿನ ಎಚ್ಚರಿಕೆ ದೀಪ, ನಡುವೆ ನಿಂತುಹೋಗುವ ಚಾರ್ಜಿಂಗ್, ಹೇಳಿದ್ದಕ್ಕಿಂತ ಹಳೆಯ ತಯಾರಿಕೆ ಮೊದಲ ಬಗೆಯವು. ಚಿಕ್ಕ ಬ್ಯಾಟರಿ, ಜೊತೆಗೆ ಬಂದ ಚಾರ್ಜರ್, ಪಾಲಿಶ್‌ನಲ್ಲಿ ಹೋಗುವ ಗೀರು, ಹಳೆಯ ಸಾಫ್ಟ್‌ವೇರ್ ಎರಡನೆಯವು. ಆದರೆ ಎರಡನೆಯ ಬಗೆಯವನ್ನೂ ಇನ್‌ವಾಯ್ಸಿಗೆ ಮುನ್ನ ಮುಗಿಸಬೇಕು. ‘ಮೊದಲ ಸರ್ವಿಸ್‌ನಲ್ಲಿ ನೋಡೋಣ’ ಎಂಬ ಬಾಯಿಮಾತು ಆ ಸರ್ವಿಸ್ ಬರುವ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಬೇಡವೆನ್ನುವುದಕ್ಕೆ ಜಗಳ ಬೇಕಿಲ್ಲ, ಬರಹ ಬೇಕು. ಚಾಸಿ ಸಂಖ್ಯೆ, ಪರೀಕ್ಷಿಸಿದ ದಿನಾಂಕ, ಕಂಡ ದೋಷ, ಫೋಟೊಗಳನ್ನು ಸೇರಿಸಿ, ಈ ಕಾರಿಗೆ ಇನ್‌ವಾಯ್ಸ್ ಮಾಡಬಾರದು, ಬೇರೆ ಚಾಸಿ ಅಲಾಟ್ ಮಾಡಬೇಕು ಎಂದು ಶೋರೂಮ್ ಮ್ಯಾನೇಜರಿಗೂ ಕಂಪನಿಯ ಗ್ರಾಹಕ ಸೇವೆಗೂ ಇ-ಮೇಲ್ ಕಳುಹಿಸಬೇಕು. ಸಾಲವಿದ್ದರೆ ಬ್ಯಾಂಕಿಗೂ ಅದೇ ದಿನ ತಿಳಿಸಬೇಕು, ಏಕೆಂದರೆ ಸಾಲದ ಹಣ ಡೀಲರನ ಖಾತೆಗೇ ಹೋಗುವುದು. ಅದು ಹೋದ ಮೇಲೆ ನಿಮ್ಮ ಮಾತಿನ ತೂಕ ಇಳಿಯುತ್ತದೆ. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಯಲ್ಲಿ ಕಾರು ಕೊಂಡವರು ಬ್ಯಾಟರಿಯ ಒಪ್ಪಂದವನ್ನು ಪ್ರತ್ಯೇಕವಾಗಿ ಓದಬೇಕು, ಏಕೆಂದರೆ ಅಲ್ಲಿ ಎರಡು ವ್ಯವಹಾರಗಳು ಇರುತ್ತವೆ.

ಡೆಲಿವರಿಯ ದಿನ ಉಳಿಯುವ ಕೆಲಸ ಚಿಕ್ಕದು: ನೀವು ನೋಡಿ ಒಪ್ಪಿದ ಚಾಸಿಯ ಕಾರೇ ಎದುರಿಗಿದೆಯೇ, ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರದ ಸಂಖ್ಯೆ ಆರ್‌ಸಿಗೂ ವಿಮೆಗೂ ಹೊಂದುತ್ತದೆಯೇ, ಎರಡು ಕೀಲಿಕೈಗಳಿವೆಯೇ, ಮೊಬೈಲ್ ಆ್ಯಪ್‌ನಲ್ಲಿ ಕಾರು ನಿಮ್ಮ ಖಾತೆಗೇ ಜೋಡಣೆಯಾಗಿದೆಯೇ. ಮಾಲಿನ್ಯ ತಪಾಸಣೆಯ ಪ್ರಮಾಣಪತ್ರ ಈ ಕಾರಿಗೆ ಬೇಕಿಲ್ಲ.

ಮನೆಗೆ ಬಂದ ಮೇಲೆ ದೋಷ ಕಂಡರೆ ದಿನಗಳೆಯದೆ ಬರೆದು ತಿಳಿಸಬೇಕು. 1930ರ ಕಾಯ್ದೆಯ 42ನೆಯ ಕಲಮಿನಂತೆ, ಬೇಡವೆಂದು ತಿಳಿಸದೆ ಯುಕ್ತ ಕಾಲಕ್ಕಿಂತ ಹೆಚ್ಚು ದಿನ ಇಟ್ಟುಕೊಂಡ ವಸ್ತುವನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಡೀಲರನೂ ಕಂಪನಿಯೂ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಉಡುಪಿಯಲ್ಲಿ ವಾಸವಿರುವವರು ಉಡುಪಿಯ ಆಯೋಗಕ್ಕೇ ಹೋಗಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಇದಕ್ಕಿರುವ ಕಾಲಮಿತಿ.